ಖಾಲಿ ಬಸ್ಸು ದಾಟಿದ ಸೇತುವೆ

ಹಳ್ಳದ ಹಳೆ ಸೇತುವೆ ರಿಪೇರಿಗೆ ಅನುದಾನ ಕೇಳಿ ಕೇಳಿ ಊರವರು ಸೋತಿದ್ದರು. ಕೊನೆಯ ಅರ್ಜಿಯನ್ನೂ ವಜಾ ಮಾಡಲೆಂದೇ ಎಂಜಿನಿಯರ್ ಸಾಹೇಬರು ಒಂದು ದಿನ ಊರಿನ ಬಸ್ ಹತ್ತಿದರು.

"ದಿನಾ ಬಸ್ ದಾಟುತ್ತದೆ. ಮತ್ತೆ ರಿಪೇರಿ ಯಾಕೆ? ಸೇತುವೆ ಗಟ್ಟಿ ಇದೆ ಅಂತ ಬರೆದಿದ್ದೇನೆ. ದಿನಾ ದಾಟುವವನು ನೀನು, ಸಾಕ್ಷಿಗೆ ಸಹಿ ಮಾಡು," ಎಂದು ಕಂಡಕ್ಟರನ ಮುಂದೆ ಫೈಲು ಹಿಡಿದರು.

"ಮಾಡ್ತೀನ್ರಿ ಸಾಹೇಬ್ರ. ಮೊದಲು ದಾಟೋಣ್ರಿ."

ಸೇತುವೆ ಬಂತು. ಬಸ್ ನಿಂತಿತು. ಯಾರೂ ಹೇಳದೆಯೇ ಜನರೆಲ್ಲ ಗಂಟುಮೂಟೆ ಹೊತ್ತು ಇಳಿದು ನಡೆಯತೊಡಗಿದರು. ಕೂಸನ್ನೆತ್ತಿಕೊಂಡ ಬಾಣಂತಿಯೂ ಇಳಿದಳು. ಸಾಹೇಬರೂ ಎದ್ದರು.

"ನೀವ್ಯಾಕ ಏಳ್ತೀರಿ? ಸೇತುವೆ ಗಟ್ಟಿ ಐತಲ್ರಿ. ನೀವು ಕೂತು ದಾಟ್ರಿ, ಆ ಕಡೆ ನಾ ಸಹಿ ಮಾಡ್ತೀನಿ," ಎಂದ ಕಂಡಕ್ಟರ್.

ಸಾಹೇಬರು ಕಿಟಕಿಯಿಂದ ಬಗ್ಗಿ ನೋಡಿದರು. ಕಂಬದ ಸಿಮೆಂಟು ಉದುರಿ ಕಬ್ಬಿಣ ಕಾಣುತ್ತಿತ್ತು. ಫೈಲನ್ನು ಕಂಕುಳಲ್ಲಿ ಒತ್ತಿಕೊಂಡು ಇಳಿದೇಬಿಟ್ಟರು.

ಎಲ್ಲರೂ ಆಚೆ ದಡ ಸೇರಿ ಬಸ್ಸನ್ನೇ ನೋಡುತ್ತಾ ನಿಂತರು. ಬಸ್ ತೆವಳುತ್ತಾ ದಾಟಿತು.

"ಖಾಲಿ ಬಸ್ಸಾದರೂ ದಾಟಿತಲ್ಲ," ಎಂದು ಸಾಹೇಬರು ಗೊಣಗಿದರು.

"ಖಾಲಿ ಎಲ್ಲೈತ್ರಿ ಸಾಹೇಬ್ರ? ಒಳಗ ನಮ್ಮ ಡ್ರೈವರ್ ಇದ್ನಲ್ರಿ."

ಡ್ರೈವರ್ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ. ಸಾಹೇಬರು ಅವನನ್ನೇ ನೋಡಿದರು. ಆಮೇಲೆ ಫೈಲು ಬಿಚ್ಚಿ, ತಾವು ಬರೆದಿದ್ದ ಸಾಲನ್ನು ತಾವೇ ಹೊಡೆದುಹಾಕಿದರು.