ಹಲಗೆಯ ಹಕ್ಕು

ನಂಬುವುದಿಲ್ಲವಾ? ನಂಬಬೇಡಿ. ಹೊಳೆದಂಡೆಗೆ ಹೋಗಿ, ಯಮನೂರಪ್ಪ ಮಾಸ್ತರರ ಗುಡಿಸಲಿನ ನೀರಿನ ಕೊಡಗಳನ್ನು ನೋಡಿ ಬನ್ನಿ. ಆಮೇಲೂ ಇದು ಸುಳ್ಳು ಅನ್ನುವ ಗಂಡಸು ಯಾವನಿದ್ದಾನೋ ನಾನೂ ನೋಡುತ್ತೇನೆ.

ಆ ಗುಡಿಸಲಿನಲ್ಲಿ ಮಾಸ್ತರರು ಸಂವಿಧಾನ ಕಲಿಸುತ್ತಿದ್ದರು. ಬೇರೆ ಪಾಠವೇ ಇಲ್ಲ.

ಶಿಷ್ಯರಲ್ಲಿ ಹುಲುಗಪ್ಪ ಗಟ್ಟಿಗ. ವಿಧಿ ಯಾವುದೆಂದು ಹೇಳಿದರೆ ಸಾಕು, ಅರಳು ಹುರಿದಂತೆ ಒಪ್ಪಿಸುತ್ತಿದ್ದ. ತನ್ನಂಥವನು ಹೊಳೆಯ ಈಚೆಗೂ ಇಲ್ಲ, ಆಚೆಗೂ ಇಲ್ಲ ಎಂದು ತಾನೇ ಸಾರಿಕೊಂಡಿದ್ದ.

ಆಚೆ ದಂಡೆಯಲ್ಲಿ ಅವನ ಊರು. ಮನೆಯಲ್ಲಿ ಅಪ್ಪ, ತಮ್ಮ ದುರುಗ.

ಒಂದು ಬೆಳಿಗ್ಗೆ ಹರಿಗೋಲಿನವನು ಸುದ್ದಿ ತಂದ: ಗೌಡರ ತಾಯಿ ತೀರಿಕೊಂಡಳು.

ಊರಲ್ಲಿ ಯಾರು ಸತ್ತರೂ ಹೆಣದ ಮುಂದೆ ಹಲಗೆ ಬಾರಿಸುತ್ತ ಸುಡುಗಾಡಿನ ತನಕ ನಡೆಯಬೇಕಾದವನು ಹುಲುಗಪ್ಪನ ಅಪ್ಪ. ಆ ಅಪ್ಪನಿಗೆ ಈಗ ಕೆಮ್ಮಿದರೆ ರಕ್ತ ಬರುತ್ತಿತ್ತು.

“ಮಾಸ್ತರ, ಇವತ್ತು ನಮ್ಮಪ್ಪ ಹಲಗಿ ಮುಟ್ಟಂಗಿಲ್ಲ. ಇಡೀ ಊರಿಗೇ ಪಾಠ ಮಾಡಿ ಬರ್ತೀನಿ.”

“ಊರಿಗೆ ಬ್ಯಾಡ. ಒಬ್ಬರಿಗೆ ಮಾಡಿ ಬಾ.”

“ಒಬ್ಬರಿಗೆ ಮಾಡಾಕ ಹುಲುಗಪ್ಪನೇ ಬೇಕೇನ್ರಿ?”

ನಗುತ್ತ ಹರಿಗೋಲು ಹತ್ತಿದ.

ಹೊತ್ತು ಇಳಿಯುವಾಗ ವಾಪಸು ಬಂದ. ಕಂಕುಳಲ್ಲಿ ಹಲಗೆ. ಕೆನ್ನೆ ಬಾತಿತ್ತು.

“ಏನಾತು?”

“ಗೌಡರ ಅಂಗಳದಾಗ ನಿಂತು ಇಪ್ಪತ್ತಮೂರನೇ ವಿಧಿ ಹೇಳಿದೆ. ಬಿಟ್ಟಿ ಚಾಕರಿ ಮಾಡ್ಸಂಗಿಲ್ಲ ಅಂದೆ. ನಮ್ಮ ಹಕ್ಕು ನಮಗ ಕೊಡ್ರಿ ಅಂದೆ.”

“ಗೌಡರು ಏನಂದ್ರು?”

“ಬೈದಿದ್ರ ಚಲೋ ಇತ್ತು ಮಾಸ್ತರ. ಬೈಲಿಲ್ಲ. ‘ನಿಮ್ಮ ಹಕ್ಕು ಯಾರು ಕಸಗೊಂಡಾರೋ ತಮ್ಮಾ? ಹಲಗಿ ಬಾರಿಸೋ ಹಕ್ಕು ನಿಮ್ಮ ಮನಿದು. ಕುಣಿ ತೋಡೋ ಹಕ್ಕೂ ನಿಮ್ಮ ಮನಿದು. ನಾ ಕೈಮುಗಿದು ಕೇಳಿದ್ರೂ ನಿಮ್ಮಪ್ಪ ನನಗ ಕೊಡ್ತಾನೇನು?’ ಅಂದ್ರು. ಮಂದಿ ಹೆಣ ಮುಂದಿಟ್ಕೊಂಡು ನಕ್ಕರು.”

“ನಿಮ್ಮಪ್ಪ?”

ಹುಲುಗಪ್ಪ ಕೆನ್ನೆ ಮುಟ್ಟಿಕೊಂಡ.

“ಅವನ ಕೈಯಾಗಿನ ಹಲಗಿ ಕಿತ್ಕೊಂಡೆ. ಬಾರಿಸಿದ. ‘ನನ್ನ ಹಕ್ಕು ಕಸೀತೀಯೇನೋ ಭಾಡ್ಯಾ? ಕೆಳಗಿನ ಓಣಿಯವರು ಬಡಿದಾಡಿದ್ರೂ ನಮ್ಮಪ್ಪ ಇದನ್ನ ಬಿಟ್ಟುಕೊಟ್ಟಿಲ್ಲ’ ಅಂದ.”

“ಹಕ್ಕು ಅನ್ನೋ ಮಾತು ನನಗಿಂತ ಮೊದಲು ಅವರೇ ಕಲಿಸ್ಯಾರ,” ಎಂದರು ಮಾಸ್ತರರು. “ನಿನ್ನ ತಮ್ಮ?”

“ದುರುಗಾನ? ಮೂಲ್ಯಾಗ ನಿಂತಿದ್ದ. ಅವನ ಕೂಡ ಮಾತಾಡಾಕ ಟೈಮ್ ಎಲ್ಲಿತ್ರಿ?”

ಮಾಸ್ತರರು ಅವನ ಕಂಕುಳಿನ ಹಲಗೆಯತ್ತ ನೋಡಿದರು.

“ಅದೆಲ್ಲ ಇರಲಿ ಮಾಸ್ತರ. ಹಲಗಿ ನನ್ನ ಕೈಯಾಗೈತಿ. ಹೆಣ ಹೆಂಗ ಎತ್ತತಾರ ನೋಡೂಣು! ಈ ಸೀಮ್ಯಾಗ ಯಾವನರ ಇಂಥಾ ಕೆಲಸ ಮಾಡ್ಯಾನೇನು?”

ಮಾಸ್ತರರು ಎದ್ದರು. ಕೊಡದ ಮುಚ್ಚಳ ತೆಗೆದು ಅವನ ತೊಡೆಯ ಮೇಲಿಟ್ಟು, ನೀರು ಮೊಗೆದು ಕೊಟ್ಟರು.

ದಿನಾ ಕುಡಿಯುತ್ತಿದ್ದ ನೀರು. ದಿನಾ ಸರಿಸುತ್ತಿದ್ದ ಮುಚ್ಚಳ. ಅವನು ಅದನ್ನು ಇವತ್ತೇ ನೋಡಿದ. ಕಪ್ಪಾದ ಮರದ ಬಳೆ, ಸೆಟೆದುಕೊಂಡ ಚರ್ಮ.

ಹಲಗೆ.

“ಯಾರದ್ರಿ ಇದು?”

“ನಂದು. ನಿನ್ನ ವಯಸ್ಸಿನಾಗ ನಮ್ಮಪ್ಪನ ಕೈಯಿಂದ ಕಿತ್ಕೊಂಡು ಬಂದಿದ್ದೆ.”

“ಹಂಗಾರ ನೀವು ಗೆದ್ರಿ!”

“ನಾ ಗೆದ್ದೆ.”

“ಊರವರು?”

“ಬ್ಯಾರೆ ಹಲಗಿ ತರಿಸಿದ್ರು.”

“ಯಾರು ಬಾರಿಸಿದ್ರು?”

“ನನ್ನ ತಮ್ಮ.”

ಹುಲುಗಪ್ಪ ಕುಡಿಯದೆ ನೀರನ್ನು ಕೆಳಗಿಟ್ಟ.

ಆಗ ಹೊಳೆಯ ಆಚೆಯಿಂದ ಸದ್ದು ಬಂತು. ಒಂದು ಪೆಟ್ಟು. ತಡೆದು ಇನ್ನೊಂದು.

ಅವನು ಕಿವಿಗೊಟ್ಟ. ಅಪ್ಪನ ಪೆಟ್ಟು ಅವನಿಗೆ ನಿದ್ದೆಯಲ್ಲೂ ಗೊತ್ತು. ಅದು ಎಂದೂ ಎಡವಿದ್ದಿಲ್ಲ. ಇದು ಎಡವುತ್ತಿತ್ತು. ಹಲಗೆಯನ್ನು ಇವತ್ತೇ ಹಿಡಿದ ಕೈ ಅದು.

ಕೇಳುತ್ತ ಕೇಳುತ್ತ ಆ ಕೈ ತಾಳ ಕಲಿತುಕೊಂಡಿತು.

ಅರಳು ಹುರಿದಂತೆ ಮಾತಾಡುವ ಬಾಯಿಗೆ ಒಂದೇ ಒಂದು ವಿಧಿ ನೆನಪಾಗಲಿಲ್ಲ.

“ಮಾಸ್ತರ,” ಎಂದ, “ಈ ಹಲಗಿ ನಾ ಏನ್ ಮಾಡ್ಲಿ?”

ಮಾಸ್ತರರು ತಮ್ಮ ಮುಚ್ಚಳವನ್ನು ಅವನ ತೊಡೆಯಿಂದ ಎತ್ತಿ ಕೊಡದ ಮೇಲಿಟ್ಟರು. ಗುಡಿಸಲಿನ ಮೂಲೆಗೆ ಕೈ ತೋರಿದರು.

“ಅಲ್ಲಿ ಇನ್ನೊಂದು ಕೊಡ ಐತಿ. ಅದಕ್ಕ ಮುಚ್ಚಳ ಇಲ್ಲ. ಅದು ನಿನಗ.”