ನೀರುಹಲ್ಲಿಗೆ ಮನೆ ಕಟ್ಟಿದ ಹುಲಿಗೆವ್ವ

ಹುಲಿಗೆವ್ವನ ಕೈಲಿ ಕಲ್ಲು ಕೆಲಸ ಆಗಲ್ಲ ಅಂತ ಮೊದಲು ಅಂದವನು ಅವಳ ಸ್ವಂತ ಚಿಕ್ಕಪ್ಪನೇ ಅಂತೆ ಕಂದಾ. ಕೋಟೆಗೊಬ್ಬ ದೊರೆ ಇದ್ದ ಒಂದಾನೊಂದು ಕಾಲ ಅದು. ಬಂಡೆಗಳ ನಡುವಿನ ಒಂದೂರಲ್ಲಿ ಒರಳು, ಬೀಸುಕಲ್ಲು, ದನಕ್ಕೆ ನೀರಿಡೋ ಬಾನಿ ಕಡೆಯೋ ಕಲ್ಲುಕುಟಿಗ ಇದ್ದನಂತೆ. ಅವನು ತೀರಿಹೋದ ಮೇಲೆ ಅವನು ಕಲ್ಲು ತೆಗೀತಿದ್ದ ಬಂಡೆ ಒಬ್ಬಳೇ ಮಗಳು ಹುಲಿಗೆವ್ವಂಗೆ ಸೇರಬೇಕಿತ್ತು. ಚಿಕ್ಕಪ್ಪ ಸಣ್ಣತಿಮ್ಮ ಬಂಡೆ ಮೇಲೆ ಕಾಲೂರಿ ನಿಂತು, ಒರಳಲ್ಲಿ ರುಬ್ಬೋ ಕೈ ಒರಳು ಕಡೆಯುತ್ತೇನೇ, ಹೋಗಿ ಒಲೆ ಹಚ್ಚು ಅಂದನಂತೆ. ಒಲೆನೂ ಹಚ್ತೀನಿ ಚಿಕ್ಕಪ್ಪ, ಬಂಡೆನೂ ಬಿಡಲ್ಲ ಅಂದಳಂತೆ ಅವಳು. ಊರ ಹಿರೀಕರು ಅವನ ಕಡೆಗೇ ತಲೆ ಆಡಿಸಿದರು. ಅವಳಿಗೆ ಸಿಕ್ಕಿದ್ದು ಅಪ್ಪನ ಒಂದು ಸುತ್ತಿಗೆ, ಮೂರು ಉಳಿ.

ಆಮೇಲೆ ಏನಾಯ್ತು ಅಂದ್ರೆ, ಒಬ್ಬ ಕುದುರೆ ವ್ಯಾಪಾರಿ ಬಡಗಣ ಹಿಮದ ಬೆಟ್ಟದಿಂದ ದೊರೆ ಮಗಳಿಗೆ ಅಂತ ಮೂರು ಜೊತೆ ನೀರುಹಲ್ಲಿ ತಂದುಕೊಟ್ಟು ಹೋದನಂತೆ. ನೋಡೋಕೆ ಗೋಡೆ ಹಲ್ಲಿ ಥರ, ಆದ್ರೆ ಮೈ ಕಪ್ಪೆ ಹಾಗೆ ಒದ್ದೆ, ಬಾಲ ಚಪ್ಪಟೆ, ಹೊಟ್ಟೆ ಕುಂಕುಮ. ಅರಮನೆಯವರು ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಅನ್ನಿಸಿದ ತಾಮ್ರದ ಹಂಡೆಗೆ ಬಿಟ್ಟರಂತೆ. ದೇವರಿಗೂ ತಾಮ್ರ, ಕುಡಿಯೋಕೂ ತಾಮ್ರ, ಇವಕ್ಕೆ ಬೇಡವಾ ಅಂತ. ಮೂರೇ ದಿನಕ್ಕೆ ಒಂದು ಜೊತೆ ಹೊಟ್ಟೆ ಮೇಲಾಗಿ ತೇಲಿತಂತೆ. ದೊರೆ ಮಗಳು ಅನ್ನ ಬಿಟ್ಟಳು. ದೊರೆ ಡಂಗುರ ಹೊಡೆಸಿದ, ಇವು ಮೂರು ಹುಣ್ಣಿಮೆ ಬದುಕೋ ಹಾಗೆ ಮನೆ ಮಾಡಿಕೊಟ್ಟವರಿಗೆ ಕೇಳಿದ್ದು ಕೊಡ್ತೀನಿ ಅಂತ.

ಮೊದಲು ಓಡಿದವನು ಸಣ್ಣತಿಮ್ಮ. ಕನ್ನಡಿಯಂಥ ಕಲ್ಲುಬಾನಿ ಕಡೆದು, ಬಾವಿ ನೀರು ತುಂಬಿ, ಅವತ್ತೇ ಒಂದು ಜೊತೆ ಬಿಟ್ಟನಂತೆ. ಇಷ್ಟು ನುಣ್ಣಗಿದೆ, ಹತ್ತೋದುಂಟಾ ಅಂತ ಮುಚ್ಚಳ ಮಾಡಲಿಲ್ಲ. ಅವು ಒದ್ದೆ ಹೊಟ್ಟೆ ಅಂಟಿಸಿಕೊಂಡು ಹತ್ತಿಹೋಗಿ, ಜೋಳದ ಚೀಲದ ಹಿಂದೆ ಒಣಗಿ ಕಡ್ಡಿಯಾಗಿ ಸಿಕ್ಕವಂತೆ.

ಉಳಿದದ್ದು ಒಂದೇ ಜೊತೆ. ಆಗ ಹುಲಿಗೆವ್ವ ಹೋದಳಂತೆ. ಇವೂ ಸತ್ತರೆ ಆ ಸುತ್ತಿಗೆ, ಉಳಿ ನನಗೆ ಕೊಡ್ತೀಯಾ ಅಂದ ಚಿಕ್ಕಪ್ಪ. ಕೊಡ್ತೀನಿ ಅಂದಳು. ಏನು ಬೇಕವ್ವಾ, ಕಲ್ಲಾ, ಆಳಾ ಅಂತ ದೊರೆ ಕೇಳಿದರೆ, ಆ ವ್ಯಾಪಾರಿ ತಂದ ಬುಟ್ಟಿ ತೋರಿಸಿ ಬುದ್ಧೀ ಅಂದಳಂತೆ. ಅದರ ತಳದಲ್ಲಿ ವ್ಯಾಪಾರಿ ನಮ್ಮ ಅಕ್ಷರದಲ್ಲೇ ಬರೆಸಿಟ್ಟ ಒಂದು ತಾಳೆಗರಿ ಓಲೆ ಇತ್ತು. ಶಾನುಭೋಗ, ನೆನೆದು ಮಸಿಯೆಲ್ಲಾ ತೊಳೆದುಹೋಗಿದೆ ಕಣಮ್ಮ, ಇದ್ದಿದ್ರೂ ನಿನಗೆಲ್ಲಿ ಓದು ಬರಬೇಕು ಅಂದನಂತೆ. ಹುಲಿಗೆವ್ವಂಗೆ ಅಕ್ಷರ ಹೇಳಿಕೊಟ್ಟವರು ಯಾರೂ ಇಲ್ಲ. ಕೆರೆ ಏರಿ ಮೇಲಿನ ಶಾಸನದ ಕಲ್ಲಿಗೆ ಬೆರಳಿಟ್ಟು, ಹೋಗಿಬರೋರನ್ನ ಇದ್ಯಾವುದು ಅದ್ಯಾವುದು ಅಂತ ಕೇಳಿ ಕೇಳಿ ಕಲಿತವಳು. ಓಲೇಲೂ ಮೊದಲು ಕೊರೆದು ಆಮೇಲೆ ತಾನೇ ಮಸಿ ಬಳಿಯೋದು? ಮಸಿ ಹೋದರೇನು, ಗೀರು ಇತ್ತು. ಕಣ್ಣು ಮುಚ್ಚಿ ಬೆರಳಾಡಿಸಿ ಓದಿಬಿಟ್ಟಳಂತೆ: ತಾಮ್ರ ಸೋಕಿಸಬೇಡಿ, ಆಗಷ್ಟೇ ತುಂಬಿದ ಹಸಿ ನೀರಿಗೆ ಬಿಡಬೇಡಿ, ಮುಚ್ಚದೆ ಇಡಬೇಡಿ. ಶಾನುಭೋಗ ಓಲೆ ಇಸಕೊಂಡು ಬಿಸಿಲಿಗೆ ಹಿಡಿದು ಹಿಡಿದು ನೋಡಿದನಂತೆ.

ಆಮೇಲೆ ಹುಲಿಗೆವ್ವ ಆ ಜೊತೇನ ಪಾಚಿ ಹಾಕಿದ ಮಣ್ಣಿನ ಮಡಕೇಲಿಟ್ಟು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಬಾನಿ ಕಡೆಯೋಕೆ ಕೂತಳಂತೆ. ಒಂದು ಬದಿ ಕೆರೆ ದಂಡೆ ಹಾಗೆ ಇಳಿಜಾರು, ನೀರು ಸಾಕಾದರೆ ಮೇಲೆ ಬಂದು ಕೂರಲಿ ಅಂತ. ಕೆರೆ ನೀರು ತುಂಬಿದಳು, ಜೊಂಡು, ಎಲೆ ಬಿಡೋ ನೀರುಗಿಡ ನೆಟ್ಟಳು, ಪಾಚಿ ಬಿಟ್ಟಳು, ನೀರುಹಲ್ಲಿ ಮಾತ್ರ ಬಿಡಲಿಲ್ಲ. ಊರೆಲ್ಲಾ ಬಂದು ಬರೀ ನೀರು ನೋಡಿಕೊಂಡು ಹೋಯಿತಂತೆ. ಇವತ್ತು ನೀರು ಸಾಕ್ತಾಳೆ, ನಾಳೆ ಗಾಳಿ ಸಾಕ್ತಾಳೆ ಅಂದ ಸಣ್ಣತಿಮ್ಮ. ನೀರು ಹಣ್ಣಾಗಲಿ ತಡಿ ಚಿಕ್ಕಪ್ಪ ಅಂದಳು, ಸುತ್ತಿಗೆ ನಿಲ್ಲಿಸದೆ. ಅಷ್ಟರಲ್ಲಿ ತೂತಿನ ಮುಚ್ಚಳ ಕಡೆಯಬೇಕಿತ್ತು, ಹಪ್ಪಳದಷ್ಟು ತೆಳ್ಳಗೆ. ಮೊದಲನೇದು ಒಡೀತು, ಎರಡನೇದೂ ಒಡೀತು, ಮೂರನೇದಕ್ಕೆ ಸುತ್ತಿಗೆ ಜಾರಿ ಎಡಗೈ ಕಿರುಬೆರಳು ಜಜ್ಜಿಹೋಯಿತಂತೆ. ಬಟ್ಟೆ ಸುತ್ತಿಕೊಂಡು ಮತ್ತೆ ಕೂತಳು. ಮುಚ್ಚಳ ನಿಂತಿತು.

ಮೊದಲ ಹುಣ್ಣಿಮೆ ದಿನ ಜೊತೇನ ನೀರಿಗೆ ಬಿಟ್ಟಳಂತೆ. ಎರೆಹುಳ ಹಾಕಿದಳು. ಎರಡನೇ ಹುಣ್ಣಿಮೆಗೆ ಬಿಸಿಲೇರಿತು, ದಿನಕ್ಕೆ ಹತ್ತು ಸಲ ಗೋಣಿ ನೆನೆಸಿ ಸುತ್ತಿ ಬಾನಿ ತಣ್ಣಗಿಟ್ಟಳು. ಮೂರನೇ ಹುಣ್ಣಿಮೆಗೆ ಅರಮನೆ ಆಳು ಬಂದು ನೋಡಿ, ನೀರುಗಿಡದ ಎಲೆಗೆಲ್ಲಾ ರೋಗ ಬಂದಿದೆ, ಮುದುರಿಕೊಂಡಿವೆ ಅಂದನಂತೆ. ರೋಗ ಅಲ್ಲಣ್ಣ, ಬಾಣಂತನ ಅಂದಳು ಹುಲಿಗೆವ್ವ. ಹೆಣ್ಣು ನೀರುಹಲ್ಲಿ ವೀಳ್ಯ ಮಡಚಿದ ಹಾಗೆ ಒಂದೊಂದೇ ಎಲೆ ಮಡಚಿ, ಒಳಗೊಂದೊಂದು ಸಾಬಕ್ಕಿಯಂಥ ಮೊಟ್ಟೆ ಇಟ್ಟಿತ್ತಂತೆ.

ದೊರೆ ಮಗಳು ಬಾನಿ ಪಕ್ಕದಲ್ಲೇ ಕೂತು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳಂತೆ. ಏನು ಬೇಕವ್ವಾ ಅಂದ ದೊರೆ. ನಮ್ಮಪ್ಪನ ಬಂಡೆ, ನನ್ನ ಹೆಸರಿಗೆ, ಕಲ್ಲಲ್ಲಿ ಕೊರೆಸಿ ಕೊಡಿ ಬುದ್ಧೀ ಅಂದಳು. ಆಮೇಲೆ ಸಣ್ಣತಿಮ್ಮ ಕೆಲಸ ಕೇಳಿಕೊಂಡು ಬಂದನಂತೆ. ಕೊಟ್ಟಳು, ಉಳಿಗೆ ಸಾಣೆ ಹಿಡಿಯೋ ಕೆಲಸ.

ಅಲ್ಲಿಗೆ ಅವರೂ ಸುಖ, ನಾವೂ ಸುಖ, ಕತೆಯೂ ಮುಗೀತು, ಮಲಗು ಕಂದಾ. ಆ ಬಂಡೆ ಈಗಲೂ ಅವಳದೇ. ಬಂಡೆ ಬುಡದಲ್ಲಿ ಮನೆ, ಮನೆ ನೆರಳಲ್ಲಿ ಬಾನಿ, ಬಾನಿ ತುಂಬಾ ಕುಂಕುಮದ ಹೊಟ್ಟೆ ಮರಿಗಳು. ಅದಕ್ಕೆ ಅವಳು ತೆತ್ತದ್ದು ಒಂದು ಕಿರುಬೆರಳು.