ದೇವೀರಮ್ಮ ಕಟ್ಟಿದ ಸೋಬಾನೆ ಪುಸ್ತಕ

ನೆಟ್ಟಗೆ ಕುಳಿತು ಕೇಳಿ. ಬಹಳ ಹಿಂದೆ, ಎಷ್ಟು ಹಿಂದೆ ಎಂದು ಯಾರಿಗೂ ಗೊತ್ತಿಲ್ಲ, ಮಡಿಲಹಳ್ಳಿ ಎಂಬ ಒಂದು ಊರಿನಲ್ಲಿ ದೇವೀರಮ್ಮ ಎಂಬಾಕೆ ಇದ್ದಳಂತೆ. ಫೋನಿನಲ್ಲಿ ಓದುವ ಪುಸ್ತಕ ಕಟ್ಟುವುದು ಅವಳ ಕಸುಬು. ಅವಳು ಕೈಯಿಟ್ಟರೆ ಸತ್ತ ಫೋನೂ ಬೆಳಗುತ್ತಿತ್ತಂತೆ. ಅದನ್ನು ನಾನು ನಂಬುವುದಿಲ್ಲ. ಜನ ಹೇಳುತ್ತಾರೆ, ಅಷ್ಟೇ.

ಅದೇ ಊರಿನಲ್ಲಿ ಸೋಬಾನೆ ರಾಚಮ್ಮ ಇದ್ದಳು. ಅವಳ ಹಾಡಿಲ್ಲದೆ ಯಾವ ಮದುವೆಯ ಅರಿಶಿನಶಾಸ್ತ್ರವೂ ಆಗುತ್ತಿರಲಿಲ್ಲವಂತೆ. ಪಟ್ಟಣದ ಒಂದು ಕಂಪನಿ ಆ ಹಾಡುಗಳನ್ನು ಬರೆದುಕೊಂಡು ಹೋಗಿ ಪುಸ್ತಕ ಮಾಡಿತು. ಅದು ಕಂಪನಿಯ ಟ್ಯಾಬಿನಲ್ಲಿ ಮಾತ್ರ ತೆರೆಯುತ್ತಿತ್ತು. ಆ ಟ್ಯಾಬು ಇದ್ದದ್ದು ಊರಿನ ಹಿಟ್ಟಿನ ಗಿರಣಿಯವರ ಮನೆಯಲ್ಲಿ ಮಾತ್ರ. ರಾಚಮ್ಮನಿಗೆ ವಯಸ್ಸಾಯಿತು, ಮರೆವು ಬಂತು, ಕಣ್ಣು ಮಂಜಾಯಿತು. ಅಷ್ಟರಲ್ಲಿ ಮೊಮ್ಮಗಳ ಮದುವೆ ಗೊತ್ತಾಯಿತು. ಗಿರಣಿಯವರ ಮನೆಗೆ ಹೋಗಿ ನೋಡಿದರೆ ಅಕ್ಷರ ಸಾಸಿವೆಯಷ್ಟು. ದೊಡ್ಡದು ಮಾಡಿದರೆ ಸಾಲು ಅಂಚು ದಾಟಿ ಓಡುತ್ತಿತ್ತು. ನನ್ನ ಹಾಡು ನನಗೇ ಸಿಗದ ಹಾಗಾಯಿತಲ್ಲ ಎಂದು ಅತ್ತಳಂತೆ.

ದೇವೀರಮ್ಮ ಅವಳ ಪಕ್ಕ ಕುಳಿತಳು. ಟ್ಯಾಬಿನಿಂದ ಒಂದು ಸಾಲು ಓದಿ ಹೇಳುವಳು, ಮುಂದಿನದನ್ನು ರಾಚಮ್ಮನಿಂದ ಹಾಡಿಸುವಳು, ಟೈಪು ಮಾಡುವಳು. ಹೀಗೆ ಎಲ್ಲವನ್ನೂ ಇಳಿಸಿಕೊಂಡು ಇ-ಪಬ್ ಎಂಬ ಅಚ್ಚಿನಲ್ಲಿ ಪುಸ್ತಕ ಕಟ್ಟಿದಳು. ಆ ಅಚ್ಚು ಯಾರೊಬ್ಬರ ಮನೆಯ ಸ್ವತ್ತಲ್ಲ. ಅದರ ಅಳತೆಯೆಲ್ಲ ಬಯಲಲ್ಲಿದೆ, ಯಾರು ಬೇಕಾದರೂ ಬಳಸಬಹುದು. ಎಲ್ಲರ ಫೋನಿನಲ್ಲೂ ತೆರೆದರೆ ನಿನ್ನ ಬಾಗಿಲಿಗೆ ಯಾರು ಬರುತ್ತಾರೆ ಎಂದು ಗಿರಣಿಯವರು ನಕ್ಕರಂತೆ. ಬರದಿದ್ದರೆ ನಿದ್ದೆಯಾದರೂ ಮಾಡುತ್ತೇನೆ ಎಂದಳಂತೆ ದೇವೀರಮ್ಮ.

ಅವಳ ಫೋನಿನಲ್ಲಿ ಪುಸ್ತಕ ಚೆನ್ನಾಗಿಯೇ ತೆರೆಯಿತು. ರಾಚಮ್ಮನ ಒಡಕು ಫೋನಿನಲ್ಲಿ ಮಾತ್ರ ಅಕ್ಷರದ ಜಾಗದಲ್ಲಿ ಬರೀ ಚೌಕ, ಸಾಲು ಸಾಲು ಚೌಕ.

"ಏನೇ ದೇವೀರಿ, ಹಾಡು ಕೇಳಿದರೆ ಕೊಬ್ಬರಿ ಮಿಠಾಯಿ ಕತ್ತರಿಸಿಟ್ಟಿದ್ದೀಯಲ್ಲೇ!" ಎಂದಳು ರಾಚಮ್ಮ.

ದೇವೀರಮ್ಮ ನಾಚಿದಳು. ಆ ಹಳೆಯ ಫೋನಿಗೆ ಕನ್ನಡದ ಅಕ್ಷರವೇ ಗೊತ್ತಿರಲಿಲ್ಲ. ಫಾಂಟ್ ಎನ್ನುವ ಅಕ್ಷರದ ರೂಪಗಳನ್ನೂ ಪುಸ್ತಕದೊಳಗೇ ಇಟ್ಟು ಕಳಿಸಬೇಕಿತ್ತು, ಮರೆತಿದ್ದಳು. ಅರಿಶಿನದ ದಿನ ಬೆಳಿಗ್ಗೆ ಸರಿಮಾಡಿ ತಂದಳು. ರಾಚಮ್ಮ ಬೆರಳಾಡಿಸಿದಂತೆಲ್ಲ ಅಕ್ಷರ ಹುಣಿಸೆಬೀಜದಷ್ಟು ಬೆಳೆಯಿತಂತೆ, ಸಾಲು ಅಂಚಿಗೆ ಬಂದಲ್ಲಿ ತಾನೇ ಮಡಿಸಿಕೊಂಡು ಕೆಳಗಿಳಿಯಿತಂತೆ. ಮೊದಲ ಸಾಲು ಕಣ್ಣಿಗೆ ಬಿತ್ತು, ಉಳಿದದ್ದು ಬಾಯಿಗೆ ಬಂತು. ಮೊಮ್ಮಗಳ ಕೆನ್ನೆಗೆ ಅರಿಶಿನ ಹಚ್ಚುತ್ತ ರಾಚಮ್ಮ ಹಾಡಿದಳು.

ಇವತ್ತಿಗೂ ಮಡಿಲಹಳ್ಳಿಯಲ್ಲಿ ಹೊಸ ಪುಸ್ತಕ ಕಟ್ಟಿದರೆ, ಊರಿನ ಅತಿ ಹಳೆಯ ಫೋನಿನಲ್ಲಿ ತೆರೆದು ಅತಿ ಹಿರಿಯ ಅಜ್ಜಿಯ ಕೈಗೆ ಕೊಡುತ್ತಾರೆ. ಆಕೆ ಮೊದಲ ಸಾಲನ್ನು ಗಟ್ಟಿಯಾಗಿ ಓದುವವರೆಗೆ, ತಟ್ಟೆಯಲ್ಲಿ ಕತ್ತರಿಸಿಟ್ಟ ಕೊಬ್ಬರಿ ಮಿಠಾಯಿಯನ್ನು ಯಾರೂ ಮುಟ್ಟುವಂತಿಲ್ಲ.